ಸ್ನೇಹಕ್ಕೂ ಸುಂಕವೇ?

ಗೆಳತಿಯ ಮನೆಗೆ ಕಾಫಿ ಕುಡಿಯಲು ಹೋದವಳು ಬರಿಗೈಯಲ್ಲಿ ವಾಪಸು ಬರುವ ಕಾಲ ಮುಗಿಯಿತೆಂದು ಕಾಣುತ್ತದೆ. ಸಕಲೇಶಪುರದ ಪೇಟೆಯಲ್ಲಾಗಲಿ, ಆಲೂರಿನಲ್ಲಾಗಲಿ, ಹಾನುಬಾಳು, ಹೆತ್ತೂರು, ಯಸಳೂರು, ಕೆಂಚಮ್ಮನ ಹೊಸಕೋಟೆ ಕಡೆಯ ತೋಟದ ಮನೆಗಳಲ್ಲಾಗಲಿ, ಹತ್ತು ಜನ ಹೆಂಗಸರು ಸೇರಿದರೆ ಸಾಕು. ಕಡುಬು ತಿಂದಾಯಿತು, ಎರಡು ಸಲ ಕಾಫಿ ಆಯಿತು, ಊರ ಸುದ್ದಿಯೆಲ್ಲ ಮುಗಿಯಿತು, ಇನ್ನು ಏಳೋಣ ಎನ್ನುವಷ್ಟರಲ್ಲಿ ಮನೆಯಾಕೆ "ಒಂದು ನಿಮಿಷ ಇರ್ರೀ" ಎಂದು ಒಳಗೆ ಹೋಗಿ ತಟ್ಟೆಯೊಂದನ್ನು ಹಿಡಿದು ಬರುತ್ತಾಳೆ. ತಟ್ಟೆಯ ತುಂಬ ಬಣ್ಣದ ಕಾಗದ ಸುತ್ತಿದ ಪುಟ್ಟ ಪುಟ್ಟ ಪೊಟ್ಟಣಗಳು. ಬಿಚ್ಚಿದರೆ ಒಳಗೊಂದು ಕೀ ಚೈನು, ಇಲ್ಲವೇ ಲೋಟದ ಕೆಳಗಿಡುವ ಮರದ ಬಿಲ್ಲೆ, ಇಲ್ಲವೇ ಪಿಂಗಾಣಿಯ ಮಗ್ಗು. ಅದರ ಮೇಲೆ ಮನೆಯಾಕೆಯ ಹೆಸರು, ಅವಳ ಹೆಸರಿನ ಜೊತೆ ಗಂಡನ ಹೆಸರು, ಅದರ ಕೆಳಗೆ ಎಸ್ಟೇಟಿನ ಹೆಸರು, ಕೊನೆಗೆ ತಾರೀಖು. "ನಮ್ಮ ನೆನಪಿಗೆ ಇರಲಿ ಕಣ್ರೀ" ಎಂಬ ಮಾತು ಬೇರೆ.

ಮದುವೆಯಲ್ಲ, ಗೃಹಪ್ರವೇಶವಲ್ಲ, ಮಗುವಿನ ನಾಮಕರಣವೂ ಅಲ್ಲ. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುವ ಗೆಳತಿಯರು, ಅಷ್ಟೆ. ನೆನಪಿನಲ್ಲಿಟ್ಟುಕೊಳ್ಳಲು ಮಗ್ಗು ಬೇಕಾಗುವಷ್ಟು ದೂರದವರೇ ನಾವು? ಮುಂದಿನ ತಿಂಗಳು ಮತ್ತೆ ಸೇರುವವರಿಗೆ ನೆನಪಿನ ಕಾಣಿಕೆ ಏಕೆ? ಮರೆತರೆ ತಾನೇ ನೆನಪು?

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಗಂಟಲೇಕೆ ಎಂದು ನೀವು ಕೇಳಬಹುದು. ಕೊಡುವವರು ಪ್ರೀತಿಯಿಂದ ಕೊಡುತ್ತಾರೆ, ತೆಗೆದುಕೊಂಡು ಬಂದು ಬೀರುವಿನಲ್ಲಿಟ್ಟರೆ ಮುಗಿಯಿತಲ್ಲ ಎನ್ನಬಹುದು. ಮುಗಿಯುವುದಿಲ್ಲ. ಅಲ್ಲಿಂದಲೇ ಶುರುವಾಗುತ್ತದೆ. ಈ ಪೊಟ್ಟಣಗಳ ಪದ್ಧತಿ ಹೆಂಗಸರ ಸ್ನೇಹಕ್ಕೆ ಸುಂಕದ ಕಟ್ಟೆ ಹಾಕುತ್ತಿದೆ. ಸುಂಕ ಕೊಡಲಾರದವರು ಸದ್ದಿಲ್ಲದೆ ಹಿಂದಕ್ಕೆ ತಿರುಗುತ್ತಿದ್ದಾರೆ. ನನ್ನ ಜಗಳವೆಲ್ಲ ಇದರೊಂದಿಗೆ.

ಮೊದಲು ಲೆಕ್ಕ ನೋಡೋಣ. ಲೆಕ್ಕ ಗಂಡಸರಿಗೆ ಮಾತ್ರ ಬರುತ್ತದೆಂಬ ನಂಬಿಕೆ ನಮ್ಮ ತೋಟದ ಮನೆಗಳಲ್ಲಿ ಇನ್ನೂ ಇರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಂದು ಗುಂಪಿನಲ್ಲಿ 13 ಜನ ಇದ್ದಾರೆನ್ನಿ. ಪ್ರತಿಯೊಬ್ಬರ ಸರದಿಯೂ ಒಂದೊಂದು ಸಲ ಬರುತ್ತದೆ. ಸರದಿ ಬಂದಾಕೆ ಉಳಿದ 12 ಜನರಿಗೆ ತಲಾ 150 ರೂಪಾಯಿಯ ಕಾಣಿಕೆ ಕೊಟ್ಟರೆ 1,800 ರೂಪಾಯಿ. ಒಂದು ಸುತ್ತು ಮುಗಿಯುವ ಹೊತ್ತಿಗೆ ಎಲ್ಲರೂ ಸೇರಿ ಖರ್ಚು ಮಾಡಿದ್ದು 23,400 ರೂಪಾಯಿ. ಕೈಬದಲಾದ ವಸ್ತುಗಳು 156. ಪ್ರತಿಯೊಬ್ಬಳೂ 12 ಕೊಟ್ಟಳು, 12 ಪಡೆದಳು. ಯಾರಿಗೂ ಏನೂ ಹೆಚ್ಚು ಬರಲಿಲ್ಲ. ದುಡ್ಡು ಅಂಗಡಿಗೆ ಹೋಯಿತು, ವಸ್ತು ಅಟ್ಟಕ್ಕೆ ಹೋಯಿತು. ಇದರ ಜೊತೆಗೆ ತಿಂಡಿಯ ಖರ್ಚು ಬೇರೆ. 1,800 ರೂಪಾಯಿ ಎಂದರೆ ನಮ್ಮ ತೋಟದಲ್ಲೇ ಬಗ್ಗಿ ಕಾಫಿ ಹಣ್ಣು ಬಿಡಿಸುವ ಹೆಂಗಸಿನ ಹಲವು ದಿನಗಳ ಕೂಲಿ ಎಂಬುದನ್ನೂ ಮರೆಯುವುದು ಬೇಡ.

ಹಿಂದೆ ನಮ್ಮಲ್ಲಿ ರವಿಕೆ ಕಣದ ತಿರುಗಾಟವಿತ್ತು. ಈಗಲೂ ಇದೆ. ಒಂದು ಮನೆಯಲ್ಲಿ ಕೊಟ್ಟ ಕಣ ನಾಲ್ಕು ಮನೆ ಸುತ್ತಿ, ಗೌರಿ ಹಬ್ಬವನ್ನೂ ವರಲಕ್ಷ್ಮಿ ವ್ರತವನ್ನೂ ನೋಡಿಕೊಂಡು, ಎರಡು ವರ್ಷದ ಮೇಲೆ ಮಡಿಕೆ ಕೂಡ ಬಿಚ್ಚದೆ ಕೊಟ್ಟವಳ ಮಡಿಲಿಗೇ ವಾಪಸು ಬರುವುದುಂಟು. ಅದನ್ನು ಎಲ್ಲರೂ ನಗೆಯಾಡುತ್ತೇವೆ. ಆದರೆ ನನ್ನ ದೃಷ್ಟಿಯಲ್ಲಿ ಅದು ಬಹಳ ಸಭ್ಯ ಪದ್ಧತಿ. ಕಣದ ಮೇಲೆ ಯಾರ ಹೆಸರೂ ಇರಲಿಲ್ಲ. ಹಾಗಾಗಿ ಅದು ಯಾರ ಮನೆಯಲ್ಲೂ ಹೊರೆಯಾಗಿ ಕೂರಲಿಲ್ಲ. ಬೇಕಾದವಳು ಹೊಲಿಸಿಕೊಂಡಳು, ಬೇಡದವಳು ದಾಟಿಸಿದಳು. ಈಗಿನ ಮಗ್ಗನ್ನು ಏನು ಮಾಡುತ್ತೀರಿ? ಯಾರದೋ ಹೆಸರು, ಯಾರದೋ ಎಸ್ಟೇಟು, ಯಾರದೋ ದಂಪತಿಯ ಫೋಟೋ ಅಚ್ಚಾದ ಮಗ್ಗನ್ನು ಇನ್ನೊಬ್ಬರಿಗೆ ಕೊಡಲಾಗದು. ಎಸೆಯಲು ಮನಸ್ಸು ಬಾರದು. ಮನೆಗೆ ಬಂದ ನೆಂಟರಿಗೆ ಅದರಲ್ಲಿ ಕಾಫಿ ಕೊಟ್ಟರೆ "ಇದ್ಯಾರು?" ಎಂಬ ಪ್ರಶ್ನೆ. ಹೆಸರು ಹಾಕಿದ ಕ್ಷಣದಲ್ಲೇ ಆ ವಸ್ತು ಕಾಣಿಕೆಯಾಗಿ ಸತ್ತುಹೋಯಿತು. ಉಳಿದದ್ದು ಜಾಹೀರಾತು.

ಇದೆಲ್ಲ ನಗುವ ಮಾತಾಯಿತು. ಇನ್ನು ನಗಲಾಗದ ಮಾತು.

ನಮ್ಮ ಗುಂಪಿನಲ್ಲಿ ಒಬ್ಬರಿದ್ದರು. ಹೆಸರು ಬೇಡ. ಹೊಲಿಗೆ ಮಾಡಿ ಸಂಸಾರ ನಡೆಸುವವರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಅವರು ಬಂದರೆಂದರೆ ಕೂಟಕ್ಕೆ ಕಳೆ. ಬಸ್ಸಿನಲ್ಲಿ ಕಂಡದ್ದು, ಅಂಗಡಿಗೆ ಬಂದವರು ಆಡಿದ್ದು, ಎಲ್ಲವನ್ನೂ ಅವರವರ ದನಿಯಲ್ಲೇ ಹೇಳಿ ನಗಿಸುತ್ತಿದ್ದರು. ಈ ಪೊಟ್ಟಣದ ಪದ್ಧತಿ ಬಂದ ವರ್ಷ ಮೊದಲು ಒಂದು ತಿಂಗಳು ಬರಲಿಲ್ಲ. ಆಮೇಲೆ ಎರಡು ತಿಂಗಳು. ಆಮೇಲೆ ಬರಲೇ ಇಲ್ಲ. ಕೇಳಿದರೆ "ಹೊಲಿಗೆ ಜಾಸ್ತಿ ಇದೆ ಕಣಕ್ಕಾ" ಎನ್ನುತ್ತಿದ್ದರು. ಒಂದು ದಿನ ಆಲೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ, ಆ ಮಾತು ಈ ಮಾತು ಆಡುತ್ತ ಕೊನೆಗೆ ಹೇಳಿದರು: "ನನ್ನ ಸರದಿ ಬರೋ ಹೊತ್ತಿಗೆ ಮಗಳ ಕಾಲೇಜಿನ ಫೀಸು ಕಟ್ಟಬೇಕು. ತಿಂಡಿ ಹೇಗೋ ಮಾಡ್ತಿದ್ದೆ. ಆ ತಟ್ಟೆ ತುಂಬಿಸೋದು ನನ್ನ ಕೈಲಾಗಲ್ಲ."

ಮುಂದಿನ ಕೂಟದಲ್ಲಿ ನಾನು ಈ ವಿಷಯ ಎತ್ತಿದೆ. ಅವರ ಹೆಸರು ಹೇಳದೆ, ಕಾಣಿಕೆ ಕೊಡುವುದನ್ನೇ ನಿಲ್ಲಿಸೋಣ ಎಂದೆ. ಯಾರ ಬಗ್ಗೆ ಎಂದು ಎಲ್ಲರಿಗೂ ತಿಳಿಯಿತು. ಒಬ್ಬರು ಬಹಳ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಅಯ್ಯೋ, ಅವರು ಏನೂ ಕೊಡದಿದ್ದರೂ ನಡೆಯುತ್ತಪ್ಪ. ನಾವೇನು ಕೇಳ್ತೀವಾ?"

ನೋಡಿ, ಎಷ್ಟು ಮೆತ್ತಗಿನ ಮಾತು, ಎಷ್ಟು ಕ್ರೂರವಾದ ಮಾತು. ಹನ್ನೆರಡು ಜನ ಕೊಡುವಲ್ಲಿ ಹದಿಮೂರನೆಯವಳು ಕೊಡದಿದ್ದರೂ ನಡೆಯುತ್ತದೆ ಎಂದರೆ, ಅವಳು ನಮ್ಮ ಸಮಕ್ಕಲ್ಲ ಎಂದೇ ಅರ್ಥ. ರಿಯಾಯಿತಿ ಪಡೆದ ಗೆಳತಿ ಗೆಳತಿಯಾಗಿ ಉಳಿಯುವುದಿಲ್ಲ. ಮರ್ಯಾದಸ್ಥೆಯಾದವಳು ರಿಯಾಯಿತಿ ಪಡೆಯುವುದಕ್ಕಿಂತ ಮನೆಯಲ್ಲೇ ಕೂರುತ್ತಾಳೆ. ಅವರು ಮಾಡಿದ್ದೂ ಅದನ್ನೇ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಸುಖದುಃಖ ಹೇಳಿಕೊಳ್ಳುವುದಕ್ಕೆಂದೇ ಸೇರುವ ಗೆಳತಿಯರೇ ಸುಂಕದವರಾದರೆ?

ನಮ್ಮ ಬೆಟ್ಟದ ಸೀಮೆಯಲ್ಲಿ ಹೆಂಗಸರು ಸೇರುವುದೇ ಕಷ್ಟ ಎಂಬುದು ಬಯಲುಸೀಮೆಯ ಓದುಗರಿಗೆ ತಿಳಿಯದಿರಬಹುದು. ನವೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕುಯ್ಲು, ಕಣದಲ್ಲಿ ಒಣಗಿಸುವುದು, ಆಳುಗಳ ಊಟ ತಿಂಡಿ. ಅಷ್ಟರಲ್ಲಿ ಮೆಣಸು ಬಂತು. ಜೂನಿನಿಂದ ಮಳೆ ಹಿಡಿಯಿತೆಂದರೆ ಮರ ಬಿದ್ದು ದಾರಿ ಬಂದ್, ಕರೆಂಟಿಲ್ಲ. ನಡುವೆ ಸಿಗುವ ನಾಲ್ಕು ದಿನದಲ್ಲೂ ಸಂಜೆಯಾಗುವ ಮೊದಲೇ ಏಳಬೇಕು, ಏಕೆಂದರೆ ಆನೆ. ಸಕಲೇಶಪುರ ಆಲೂರುಗಳಲ್ಲಿ ಆನೆಯ ಕಾಟ ಹೊಸದಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನನೇ ಸತ್ತ ಮೇಲೆ ಇದು ನಾಡಿಗೆಲ್ಲ ತಿಳಿಯಿತು. ತೋಟದ ದಾರಿಯಲ್ಲಿ ಗುಂಪು ಕಂಡಿದೆಯೆಂದು ಮೊಬೈಲಿಗೆ ಸುದ್ದಿ ಬಂತೆಂದರೆ ತಿಂಡಿ ತಟ್ಟೆಯಲ್ಲೇ ಉಳಿಯಿತು, ಎಲ್ಲರೂ ಜೀಪು ಹತ್ತಿದರು. ಇಷ್ಟು ಕಷ್ಟಪಟ್ಟು ಕದ್ದುಕೊಂಡ ಎರಡು ಮೂರು ಗಂಟೆಯಲ್ಲಿ ಪೊಟ್ಟಣ ಹಂಚುವುದಕ್ಕೆ, ಬಿಚ್ಚುವುದಕ್ಕೆ, ಎಲ್ಲರೂ ಮಗ್ಗು ಹಿಡಿದು ಫೋಟೋ ತೆಗೆಸಿಕೊಳ್ಳುವುದಕ್ಕೆ ಅರ್ಧ ಗಂಟೆ! ನಮ್ಮಲ್ಲಿ ನಿಜವಾಗಿ ದುರ್ಲಭವಾದದ್ದು ಪಿಂಗಾಣಿಯಲ್ಲ, ಹೊತ್ತು.

ಈಗ ಸಂಪ್ರದಾಯದ ವಾದಕ್ಕೆ ಬರೋಣ. "ಮನೆಗೆ ಬಂದ ಹೆಂಗಸನ್ನು ಬರಿಗೈಯಲ್ಲಿ ಕಳಿಸಬಾರದು, ಇದು ನಮ್ಮ ಸಂಸ್ಕೃತಿ" ಎನ್ನುವವರಿದ್ದಾರೆ. ಒಪ್ಪಿದೆ. ಆದರೆ ನಮ್ಮ ಅಜ್ಜಿಯರು ಕೈಗೆ ಏನು ಕೊಡುತ್ತಿದ್ದರು? ಎರಡು ವೀಳ್ಯದೆಲೆ, ಅಡಕೆ, ಒಂದು ಹಣ್ಣು, ಒಂದು ಮೊಳ ಹೂ. ಈ ತಾಂಬೂಲದ ಜಾಣತನವನ್ನು ಗಮನಿಸಿದ್ದೀರಾ? ಜಹಗೀರುದಾರನ ಮನೆಯಲ್ಲೂ ಅದೇ, ಬಡವನ ಮನೆಯಲ್ಲೂ ಅದೇ. ಎಲೆ ಹಿತ್ತಲಿನದು, ಬಾಳೆಹಣ್ಣು ಹಿತ್ತಲಿನದು. ಸಂಜೆಯೊಳಗೆ ಎಲೆ ಬಾಯಿಗೆ, ಹಣ್ಣು ಮಗುವಿಗೆ, ಹೂ ಮುಡಿಗೆ. ಮಾರನೆಯ ದಿನ ಏನೂ ಉಳಿಯದು. ಉಳಿಯದ್ದರಿಂದ ಸಾಲವೂ ಉಳಿಯದು. ಸಂಕ್ರಾಂತಿಯ ಎಳ್ಳು ಬೀರುವುದೂ ಹಾಗೆಯೇ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ, ಮೇಲೊಂದು ಸಕ್ಕರೆ ಅಚ್ಚು, ಕಬ್ಬಿನ ತುಂಡು. ಎಲ್ಲರ ಮನೆಯಿಂದಲೂ ಎಲ್ಲರ ಮನೆಗೂ ಅದೇ. ಗೌರಿ ಹಬ್ಬದ ಮೊರದ ಬಾಗಿನದಲ್ಲೂ ಏನೇನಿರಬೇಕೆಂದು ಮೊದಲೇ ಗೊತ್ತು: ಅರಿಶಿನ, ಕುಂಕುಮ, ಬಳೆ, ಬಾಚಣಿಗೆ, ಕನ್ನಡಿ, ರವಿಕೆ ಕಣ, ಬೇಳೆ, ಬೆಲ್ಲ. ಪಟ್ಟಿ ಗೊತ್ತಿರುವುದರಿಂದ ಪೈಪೋಟಿಗೆ ಜಾಗ ಕಡಿಮೆ. ನಮ್ಮ ಹಿರಿಯರು ಪೈಪೋಟಿಯನ್ನು ಅರಿಯದವರೇನಲ್ಲ. ಅರಿತಿದ್ದರಿಂದಲೇ ಪಟ್ಟಿ ಮಾಡಿದರು. ಎಳ್ಳಿನ ಜೊತೆಗೆ ಸ್ಟೀಲ್ ಡಬ್ಬ, ಪ್ಲಾಸ್ಟಿಕ್ ಬುಟ್ಟಿ ಸೇರಿಸಿ ಆ ಸಮತೆಯನ್ನು ಕೆಡಿಸಿದವರು ನಾವು.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ನಾನು ಹೇಳುತ್ತಿಲ್ಲ. ತಾಂಬೂಲದ ತಟ್ಟೆಯ ಜೊತೆಗೆ ಅರಿಶಿನ ಕುಂಕುಮದ ಬಟ್ಟಲೂ ಬರುತ್ತಿತ್ತು. ಗಂಡ ಸತ್ತವಳ ಮುಂದೆ ಆ ಬಟ್ಟಲು ನಿಲ್ಲದೆ ಮುಂದಕ್ಕೆ ಹೋಗುತ್ತಿತ್ತು. ಇಂದಿಗೂ ಎಷ್ಟೋ ಮನೆಗಳಲ್ಲಿ ಹೋಗುತ್ತದೆ. ಹತ್ತು ಜನರ ನಡುವೆ ಕುಳಿತವಳನ್ನು ಒಂದು ಬಟ್ಟಲು ದಾಟಿ ಹೋಗುವುದೆಂದರೆ ಏನೆಂದು ದಾಟಿಸಿಕೊಂಡವರಿಗೇ ಗೊತ್ತು. ಹಳೆಯ ತಟ್ಟೆ ಗಂಡನಿಲ್ಲದವಳನ್ನು ಹೊರಗಿಟ್ಟಿತು, ಹೊಸ ತಟ್ಟೆ ಹಣವಿಲ್ಲದವಳನ್ನು ಹೊರಗಿಡುತ್ತಿದೆ. ನಾನು ಹೇಳಿದ ಗೆಳತಿಗೆ ಎರಡೂ ತಟ್ಟೆಗಳ ಅನುಭವವಾಯಿತು. ಮೊದಲನೆಯದಕ್ಕೆ ಶಾಸ್ತ್ರದ ಮೇಲೆ ಗೂಬೆ ಕೂರಿಸಬಹುದು. ಎರಡನೆಯದನ್ನು ಯಾವ ಶಾಸ್ತ್ರವೂ ಹೇಳಿಲ್ಲ. ನಾವೇ, ಓದುಬರಹ ಬಲ್ಲ ಹೆಂಗಸರೇ, ಕೈಯಾರೆ ಮಾಡಿಕೊಂಡದ್ದು.

ವಸ್ತುವಿನ ಮೇಲೆ ಹೆಸರು ಹಾಕಿಸುವ ಚಟ ಮಾತ್ರ ಹೊಸದಲ್ಲ. ನಿಮ್ಮ ಅಡುಗೆಮನೆಯ ಹಳೆಯ ಸ್ಟೀಲ್ ಪಾತ್ರೆಗಳನ್ನು ತಿರುಗಿಸಿ ನೋಡಿ. ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರುಗಳು. ಮೊದಲು ಅದಕ್ಕೊಂದು ಕಾರಣವಿತ್ತು. ಮದುವೆ ಮುಂಜಿಗಳಲ್ಲಿ ನಾಲ್ಕು ಮನೆಯ ಕೊಳಗ, ತಂಬಿಗೆ, ಸೌಟುಗಳು ಒಂದೇ ಬಾವಿಕಟ್ಟೆಯಲ್ಲಿ ತೊಳೆಯಲು ಬೀಳುತ್ತಿದ್ದವು. ಯಾವುದು ಯಾರದೆಂದು ತಿಳಿಯಲು ಹೆಸರು ಬೇಕಿತ್ತು. ಅದು ಒಡತಿಯ ಗುರುತು. ಆಮೇಲಾಮೇಲೆ ಪಾತ್ರೆ ಅಂಗಡಿಯವರೇ ಹೆಸರು ಕೊರೆಯುವ ಮಿಷನ್ನು ಇಟ್ಟುಕೊಂಡರು. ಉಡುಗೊರೆ ಕೊಡುವವರು ತಮ್ಮ ಹೆಸರನ್ನು ಕೊರೆಸತೊಡಗಿದರು. ಪಾತ್ರೆ ನನ್ನದು, ದಿನಾ ತಿಕ್ಕುವವಳು ನಾನು, ಮೇಲಿನ ಹೆಸರು ಮಾತ್ರ ಅವರದು! ಅದರಲ್ಲೂ ಹೆಂಗಸಿನ ಹೆಸರು ಸಿಗುವುದೇ ಅಪರೂಪ. ಗಂಡಸಿನ ಹೆಸರಿನ ಹಿಂದೆ "ಶ್ರೀಮತಿ ಮತ್ತು" ಎಂದು ಎರಡು ಪದ, ಅಷ್ಟೇ ಅವಳ ಪಾಲು. ಈಗ ಹೆಂಗಸರೇ ಕರೆದು ಹೆಂಗಸರೇ ಸೇರುವ ಕೂಟದ ಮಗ್ಗಿನ ಮೇಲೂ ಎಸ್ಟೇಟಿನ ಹೆಸರು ಬರುತ್ತದೆಂದರೆ ಏನು ಹೇಳೋಣ? ಎಸ್ಟೇಟಿನ ಪಹಣಿಯಲ್ಲಿ ಅವಳ ಹೆಸರು ಇದೆಯೋ ಇಲ್ಲವೋ, ಮಗ್ಗಿನ ಮೇಲಂತೂ ಎಸ್ಟೇಟು ಇದೆ.

ಇದು ಎಲ್ಲಿಂದ ಬಂತೆಂದು ಹುಡುಕಲು ದೂರ ಹೋಗಬೇಕಿಲ್ಲ. ಈ ಶತಮಾನದ ಮೊದಲ ವರ್ಷಗಳಿಂದೀಚೆಗೆ ನಮ್ಮ ಬೆಟ್ಟದ ತುಂಬ ಹೋಮ್‌ಸ್ಟೇಗಳು ಎದ್ದವು. ಬೆಂಗಳೂರಿನಿಂದ ಬಂದ ಅತಿಥಿ ಹೊರಡುವಾಗ ತೋಟದ ಹೆಸರು ಅಂಟಿಸಿದ ಕಾಫಿಪುಡಿಯ ಪೊಟ್ಟಣವನ್ನೋ ಮೆಣಸಿನ ಪೊಟ್ಟಣವನ್ನೋ ಕೊಡುವುದು ವ್ಯಾಪಾರದ ರೀತಿ. ಅದು ತಪ್ಪಲ್ಲ. ಅತಿಥಿ ಮತ್ತೆ ಬರಬೇಕು, ನಾಲ್ಕು ಜನಕ್ಕೆ ಹೇಳಬೇಕು. ಕಾಫಿಯ ಬೆಲೆಯನ್ನೊಂದೇ ನಂಬಿ ಕೂರಲಾಗದ ಬೆಳೆಗಾರರಿಗೆ ಅದೊಂದು ಆಧಾರವಾಗಿದೆ. ಆದರೆ ಗೆಳತಿಯರು ಅತಿಥಿಗಳಲ್ಲ, ಗಿರಾಕಿಗಳಂತೂ ಅಲ್ಲವೇ ಅಲ್ಲ. ಅಂಗಳದ ವ್ಯಾಪಾರವನ್ನು ಒಳಮನೆಗೆ ತಂದುಕೊಂಡರೆ ಮನೆ ಅಂಗಡಿಯಾಗುತ್ತದೆ.

ಕೊಡುಗೆಯೆಂಬುದು ಸುಮ್ಮನೆ ಇರುವುದಿಲ್ಲ ಎಂಬುದನ್ನು ತಿಳಿದವರು ಹಿಂದೆಯೇ ಹೇಳಿದ್ದಾರೆ. ಫ್ರಾನ್ಸಿನ ಮಾರ್ಸೆಲ್ ಮೋಸ್ ಎಂಬ ವಿದ್ವಾಂಸ 1925ರಲ್ಲಿ ಕೊಡುಗೆಯ ಬಗ್ಗೆಯೇ ಒಂದು ದೊಡ್ಡ ಪ್ರಬಂಧ ಬರೆದ. ಕೊಡಲೇಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಲೇಬೇಕು, ತೆಗೆದುಕೊಂಡ ಮೇಲೆ ತಿರುಗಿ ಕೊಡಲೇಬೇಕು, ಈ ಮೂರು ಕಟ್ಟುಗಳು ಕೊಡುಗೆಯೊಳಗೆ ಇರುತ್ತವೆ ಎಂಬುದು ಅವನ ವಿಚಾರ. ಅವನು ತೆಗೆದುಕೊಂಡ ಉದಾಹರಣೆಗಳಲ್ಲಿ ಕೆನಡಾದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳ 'ಪಾಟ್‌ಲ್ಯಾಚ್' ಎಂಬ ಔತಣವೂ ಒಂದು. ಅಲ್ಲಿ ಕರೆದವನು ಬಂದವರಿಗೆಲ್ಲ ಕಂಬಳಿ, ಪಾತ್ರೆ ಪದಾರ್ಥಗಳನ್ನು ರಾಶಿ ರಾಶಿಯಾಗಿ ಹಂಚುತ್ತಿದ್ದ, ಹಂಚಿದಷ್ಟೂ ಅವನ ಹೆಸರು ದೊಡ್ಡದು. ಕೆನಡಾ ಸರ್ಕಾರ 1885ರಿಂದ ಅದನ್ನು ಕಾನೂನಿನಿಂದ ನಿಷೇಧಿಸಿತು, 1951ರಲ್ಲಿ ಕೈಬಿಟ್ಟಿತು. ಆ ನಿಷೇಧ ತಪ್ಪೆಂದೇ ನನ್ನ ಅಭಿಪ್ರಾಯ. ಅದು ಆ ಜನರ ಹಾಡು, ಕಥೆ, ಮನೆತನಗಳ ಹಕ್ಕು ಎಲ್ಲವೂ ಸೇರಿದ ಹಬ್ಬ. ಹೊರಗಿನ ಸರ್ಕಾರಕ್ಕೆ ಅಲ್ಲೇನು ಕೆಲಸ? ಕೊಡುಕೊಳ್ಳುವ ರೀತಿಯನ್ನು ಕೊಡುಕೊಳ್ಳುವವರೇ ಸರಿಪಡಿಸಿಕೊಳ್ಳಬೇಕು. ನಮ್ಮ ತಟ್ಟೆಯ ವಿಷಯದಲ್ಲೂ ನನ್ನ ಮಾತು ಇಷ್ಟೇ. ಯಾರೋ ಬಂದು ನಿಲ್ಲಿಸುವುದಲ್ಲ, ನಾವೇ ನಿಲ್ಲಿಸಬೇಕು.

"ಹಾಗಾದರೆ ಸ್ತ್ರೀಶಕ್ತಿ ಸಂಘದ ಹೆಂಗಸರು ಮಾಡಿದ್ದನ್ನು ಕೊಂಡು ಕೊಟ್ಟರೆ? ಅವರಿಗೂ ನಾಲ್ಕು ಕಾಸು ಆಗುತ್ತದಲ್ಲ?" ಇದು ಒಳ್ಳೆಯ ಪ್ರಶ್ನೆ. 2000ದ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳಿಂದ ಎಷ್ಟೋ ಮನೆಗಳಲ್ಲಿ ಹೆಂಗಸಿನ ಕೈಗೆ ಸ್ವಂತ ದುಡ್ಡು ಬಂದಿದೆ. ಅವರ ಉಪ್ಪಿನಕಾಯಿ, ಹಪ್ಪಳ, ಬಟ್ಟೆಯ ಚೀಲಗಳನ್ನು ಧಾರಾಳವಾಗಿ ಕೊಳ್ಳಿ, ವರ್ಷವಿಡೀ ಕೊಳ್ಳಿ, ನಿಮ್ಮ ಮನೆಗೆ ಕೊಳ್ಳಿ. ಆದರೆ ಒಬ್ಬ ಹೆಂಗಸಿಗೆ ಉಪಕಾರ ಮಾಡುವ ಹೆಸರಿನಲ್ಲಿ ಇನ್ನೊಬ್ಬ ಹೆಂಗಸನ್ನು ಕೂಟದಿಂದ ಆಚೆ ಹಾಕುವುದು ಬೇಡ. ಪೇಟೆಯಿಂದ ತಂದ ಮಗ್ಗಾದರೇನು, ಸಂಘದಿಂದ ತಂದ ಚೀಲವಾದರೇನು, ತಟ್ಟೆ ತುಂಬಬೇಕೆಂಬ ಕಟ್ಟಳೆ ಇರುವವರೆಗೂ ಅದು ಸುಂಕವೇ.

ಏನನ್ನೂ ಕೊಡಲೇಬಾರದೇ ಎಂದರೆ, ಹಾಗೇನಿಲ್ಲ. ಕೊಡುವುದರಲ್ಲಿ ಸುಖವಿದೆ, ಅದನ್ನು ಯಾರು ಅಲ್ಲಗಳೆಯುತ್ತಾರೆ? ನಮ್ಮ ಮಲೆನಾಡಿನ ಹೆಂಗಸರಿಗೆ ಕೊಡುವ ವಿದ್ಯೆಯನ್ನು ಯಾರೂ ಕಲಿಸಬೇಕಿಲ್ಲ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಇಲ್ಲಿ ಮನೆಯಿಂದ ಮನೆಗೆ ಡೇರೆ ಹೂವಿನ ಗೆಡ್ಡೆ ಓಡಾಡುತ್ತದೆ. ಹಳೆಯ ಬಟ್ಟೆಯಲ್ಲಿ ಕಟ್ಟಿ, "ಕತ್ತಿನ ಹತ್ತಿರ ಕಣ್ಣು ಇದೆ ನೋಡು, ಕಣ್ಣಿಲ್ಲದ ತುಂಡು ಎಷ್ಟು ದಪ್ಪಗಿದ್ದರೂ ಚಿಗುರಲ್ಲ" ಎಂದು ಹೇಳಿ ಕೊಡುತ್ತಾರೆ. ಗುಲಾಬಿಯ ಕಡ್ಡಿ, ದಾಸವಾಳದ ಕಡ್ಡಿ, ಆಂಥೂರಿಯಂ ಮರಿ, ಸೇವಂತಿಗೆಯ ಬೇರುಸಸಿ. ಹೆಪ್ಪು ಕೆಟ್ಟವಳಿಗೆ ಒಂದು ಚಮಚ ಮೊಸರು. ಉಪ್ಪಿನಕಾಯಿಯ ಅಳತೆ ಬರೆದ ಚೀಟಿ. ಇವೇ ನಮ್ಮ ನಿಜವಾದ ನೆನಪಿನ ಕಾಣಿಕೆಗಳು. ಕೊಟ್ಟವಳಿಗೆ ಕಡಿಮೆಯಾಗುವುದಿಲ್ಲ, ಪಡೆದವಳಿಗೆ ಹೊರೆಯಾಗುವುದಿಲ್ಲ. ತೋಟದ ಒಡತಿಯ ಕೈಯಿಂದ ಬಂದ ಕಡ್ಡಿಗೂ ಹೊಲಿಗೆಯವಳ ಹಿತ್ತಲಿನಿಂದ ಬಂದ ಕಡ್ಡಿಗೂ ಬೇರು ಬಿಡುವುದರಲ್ಲಿ ಭೇದವಿಲ್ಲ. ಅರಿಶಿನ ಕುಂಕುಮದ ಹಾಗೆ ಅದು ಯಾರನ್ನೂ ದಾಟಿ ಹೋಗುವುದೂ ಇಲ್ಲ.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಈ ಗಿಡಗಳಿಗೆ ಹೆಸರೂ ಇದೆ. ನಿಮ್ಮ ಅಮ್ಮನನ್ನೋ ಅತ್ತೆಯನ್ನೋ ಹಿತ್ತಲಲ್ಲಿ ನಿಲ್ಲಿಸಿ ಕೇಳಿ. "ಇದು ಆಲೂರಕ್ಕನ ಡೇರೆ. ಅದು ಟೀಚರ್ ಕೊಟ್ಟ ಗುಲಾಬಿ. ಅಗೋ, ಅದು ದೊಡ್ಡಮ್ಮನ ಮಲ್ಲಿಗೆ." ದೊಡ್ಡಮ್ಮ ತೀರಿಕೊಂಡು ಎಷ್ಟೋ ವರ್ಷಗಳಾಗಿರಬಹುದು, ಮಲ್ಲಿಗೆ ಈಗಲೂ ದೊಡ್ಡಮ್ಮನದೇ. ಕೊಡುವಾಗ ದೊಡ್ಡಮ್ಮ ಅದರ ಮೇಲೆ ಹೆಸರು ಬರೆದಿರಲಿಲ್ಲ. ಪಡೆದವಳು ತಾನಾಗಿ ಇಟ್ಟ ಹೆಸರದು. ನನ್ನ ವಾದದ ತಿರುಳು ಇಲ್ಲಿದೆ: ಹೆಸರನ್ನು ಕೊಟ್ಟವರು ಬರೆಯಬಾರದು, ಪಡೆದವರು ಇಡಬೇಕು. ಕೊಟ್ಟವಳೇ ತನ್ನ ಹೆಸರು ಬರೆದುಕೊಂಡರೆ ಅದು "ನನ್ನನ್ನು ಮರೆಯಬೇಡ" ಎಂಬ ಅಪ್ಪಣೆ. ಪಡೆದವಳು ಇಟ್ಟರೆ ಅದು ಪ್ರೀತಿ.

ಡೇರೆ ಹೂವಿನ ಕಥೆಯೂ ಇದನ್ನೇ ಹೇಳುತ್ತದೆ. ಅದರ ತವರು ಮೆಕ್ಸಿಕೋ. ಅಲ್ಲಿಂದ ಸ್ಪೇನಿಗೆ ಬಂದ ಗಿಡಕ್ಕೆ 1791ರಲ್ಲಿ ಕಾವನಿಲೆಸ್ ಎಂಬ ಸಸ್ಯಶಾಸ್ತ್ರಜ್ಞ 'ಡಾಲಿಯಾ' ಎಂದು ಹೆಸರಿಟ್ಟ. ಎರಡು ವರ್ಷ ಮೊದಲೇ ತೀರಿಕೊಂಡಿದ್ದ ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಸಸ್ಯಶಾಸ್ತ್ರಜ್ಞನ ಗೌರವಕ್ಕೆ ಅದು. ಡಾಲ್‌ಗೆ ಆ ವಿಷಯ ಗೊತ್ತಾಗಲೂ ಇಲ್ಲ. ಇಷ್ಟೇಕೆ, ನಮ್ಮ ಬದುಕಿಗೇ ಆಧಾರವಾದ ಕಾಫಿಯನ್ನು ನೋಡಿ. ಬಾಬಾ ಬುಡನ್ ಎಂಬ ಫಕೀರರು ಯೆಮೆನ್ ಕಡೆಯಿಂದ ಏಳು ಕಾಫಿ ಬೀಜಗಳನ್ನು ತಂದು ಪಕ್ಕದ ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂದು ಐತಿಹ್ಯ. ಏಳು ಬೀಜ, ಒಂದು ಹಿಡಿಗೂ ಸಾಲದು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ. ಪಡೆದ ಜನ ಸುಮ್ಮನಿದ್ದರೇ? ಇಡೀ ಬೆಟ್ಟಕ್ಕೇ ಅವರ ಹೆಸರಿಟ್ಟರು, ಬಾಬಾ ಬುಡನ್‌ಗಿರಿ ಎಂದು. ಮಗ್ಗಿನ ಮೇಲಿನ ಹೆಸರು ಹತ್ತು ಸಲ ತಿಕ್ಕಿದರೆ ಅಳಿಸುತ್ತದೆ. ಬೆಟ್ಟದ ಹೆಸರು ಅಳಿಸುತ್ತದೆಯೇ?

ಆದ್ದರಿಂದ ಗೆಳತಿಯರೇ, ನಾನು ಹೇಳುವುದು ಇಷ್ಟು. ಸರದಿಯ ಕೂಟಗಳಲ್ಲಿ ಕೊಂಡು ತಂದ ಕಾಣಿಕೆಯನ್ನು ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಎಲ್ಲರೂ ಸೇರಿ ನಿಲ್ಲಿಸೋಣ. ಒಬ್ಬಿಬ್ಬರು ನಿಲ್ಲಿಸಿದರೆ ಸಾಲದು. ಹಾಗೆ ನಿಲ್ಲಿಸಿದವರು ಜಿಪುಣಿಯರೆನಿಸಿಕೊಳ್ಳುತ್ತಾರೆ, ಕೊಡಲಾಗದವರ ಕಷ್ಟ ಹಾಗೆಯೇ ಉಳಿಯುತ್ತದೆ. ಕೊಡುವ ಶಕ್ತಿ ಇರುವವರೇ ಮೊದಲು ನಿಲ್ಲಿಸಬೇಕು. ಇಲ್ಲದವರಿಂದ ಆ ಮಾತು ಹೊರಡಿಸುವುದು ಅನ್ಯಾಯ. ಮನೆಯಲ್ಲಿ ಕೂಟ ಇಟ್ಟುಕೊಳ್ಳಲು ಅನುಕೂಲವಿಲ್ಲದವರ ಸರದಿಯನ್ನು ಇನ್ನೊಬ್ಬರ ಮನೆಯಲ್ಲಿ ಎಲ್ಲರೂ ಸೇರಿ ಅಡುಗೆ ಮಾಡಿ ನಡೆಸಬಹುದು. ಕೈ ತುಡಿದರೆ ಹಿತ್ತಲಿಗೆ ಹೋಗಿ ಒಂದು ಕಡ್ಡಿ ಮುರಿದು ಕೊಡಿ, ಮುರಿಯಲು ಏನೂ ಇಲ್ಲದಿದ್ದರೆ ಒಂದು ಒಳ್ಳೆಯ ಮಾತು ಹೇಳಿ ಕಳಿಸಿ. ಕೊಟ್ಟದ್ದರ ಲೆಕ್ಕ ಇಡುವುದು ಬೇಡ, ಪಡೆದದ್ದನ್ನು ತೀರಿಸುವ ಅವಸರವೂ ಬೇಡ.

ಇದಕ್ಕೂ ಒಪ್ಪದೆ, "ನಮ್ಮ ಖುಷಿಗೆ ನಾವು ಕೊಡುತ್ತೇವೆ, ನಿಮಗೇನು?" ಎನ್ನುವವರಿಗೆ ಒಂದೇ ಪ್ರಶ್ನೆ. ನಿಮ್ಮ ಕಳೆದ ವರ್ಷದ ಕೂಟದ ಫೋಟೋ ತೆಗೆದು ಎಣಿಸಿ. ಈ ವರ್ಷದ್ದನ್ನೂ ಎಣಿಸಿ. ಎಷ್ಟು ಮಗ್ಗುಗಳು ಹೆಚ್ಚಾದವು ಎಂದಲ್ಲ, ಎಷ್ಟು ಮುಖಗಳು ಕಡಿಮೆಯಾದವು ಎಂದು.